ಒಣಗಬೇಕಾದ ಮಸಿ, ಒಣಗಬಾರದ ಮಸಿ

ಮಸಿಯಿಂದ ನಾವು ಎರಡು ಗುಣಗಳನ್ನು ಅಪೇಕ್ಷಿಸುತ್ತೇವೆ. ಕಾಗದದ ಮೇಲೆ ಬಿದ್ದೊಡನೆಯೇ ಅದು ಒಣಗಬೇಕು. ಲೇಖನಿಯ ಮೂತಿಯಲ್ಲಿರುವಷ್ಟು ಕಾಲವೂ ಹಸಿಯಾಗಿಯೇ ಇರಬೇಕು. ಇವೆರಡೂ ಪರಸ್ಪರ ವಿರುದ್ಧವಾದ ಬೇಡಿಕೆಗಳು. ಮಸಿಕುಡಿಕೆಯಲ್ಲಿ ಅದ್ದಿ ಬರೆಯುತ್ತಿದ್ದ ಕಾಲದಲ್ಲಿ ಬರೆಹ ಮುಗಿದ ಕೂಡಲೆ ನಿಬ್ಬನ್ನು ಬಟ್ಟೆಯಿಂದ ಒರೆಸಿಡುವುದು ವಾಡಿಕೆಯಾಗಿತ್ತು. ಫೌಂಟನ್ ಪೆನ್ನು ಬಂದ ಮೇಲೆ ಆ ಕೆಲಸವನ್ನು ಅದರ ಮುಚ್ಚಳವು ವಹಿಸಿಕೊಂಡಿತು. ಈಗ ಅನೇಕ ಮನೆಗಳನ್ನು ಹೊಕ್ಕಿರುವ ಇಂಕ್‌ಜೆಟ್ ಪ್ರಿಂಟರ್ ಎಂಬ ಮುದ್ರಣಯಂತ್ರದಲ್ಲಿಯೂ ಇದೇ ತೊಡಕು ಉಂಟು. ಭೇದವಿಷ್ಟೆ: ಪೆನ್ನಿಗೆ ಇದ್ದುದು ಒಂದು ಮೂತಿ, ಈ ಯಂತ್ರಕ್ಕೆ ನೂರಾರು ಮೂತಿಗಳು, ಮತ್ತು ಅವುಗಳಲ್ಲಿ ಒಂದಾದರೂ ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುವಷ್ಟು ದೊಡ್ಡದಲ್ಲ.

ನಂಜನಗೂಡಿನ ಪಶ್ಚಿಮಕ್ಕೆ, ಕಪಿಲಾ ನದಿಯ ದಡದಲ್ಲಿ, ಹುಲ್ಲಹಳ್ಳಿ ಎಂಬ ಹೋಬಳಿ ಕೇಂದ್ರವಿದೆ. ನದಿಗೆ ಕಟ್ಟಿದ ಹಳೆಯ ಅಣೆ, ಅಲ್ಲಿಂದ ಹೊರಟ ನಾಲೆ, ನಾಲೆಯ ಕೆಳಗಣ ಗದ್ದೆಗಳು ಇವು ಆ ಊರಿನ ಗುರುತು. 2020ರಲ್ಲಿ ಕೋವಿಡ್ ವ್ಯಾಧಿಯ ಕಾರಣ ಶಾಲೆಗಳು ಮುಚ್ಚಿ, ಪಾಠಗಳು ಕೈಫೋನಿನ ಪರದೆಗೆ ಬಂದಂದಿನಿಂದ ಇಂತಹ ಊರುಗಳ ಕೆಲವು ಮನೆಗಳಲ್ಲಿಯೂ ಸಣ್ಣ ಪ್ರಿಂಟರೊಂದು ಮೂಲೆಯ ಮೇಜನ್ನು ಸೇರಿದೆ. ಅದರ ವರ್ಷಚರ್ಯೆಯು ವಿದ್ಯಾರ್ಥಿಯ ವರ್ಷಚರ್ಯೆಯೇ ಆಗಿದೆ. ಪರೀಕ್ಷೆ ಮುಗಿಯುವವರೆಗೆ ದುಡಿಮೆ. ಆಮೇಲೆ ಏಪ್ರಿಲ್ ಮೇ ತಿಂಗಳುಗಳ ಒಣಬಿಸಿಲಿನಲ್ಲಿ ಸಂಪೂರ್ಣ ವಿಶ್ರಾಂತಿ. ಜೂನಿನಲ್ಲಿ ವಿದ್ಯಾರ್ಥಿವೇತನದ ಅರ್ಜಿಯನ್ನೋ ಕಾಲೇಜಿನ ಪ್ರವೇಶಪತ್ರವನ್ನೋ ಮುದ್ರಿಸಲು ಹೋದರೆ, ಅಕ್ಷರಗಳ ನಡುವೆ ಬಾಚಣಿಗೆ ಎಳೆದಂತೆ ಬಿಳಿಯ ಗೆರೆಗಳು. ಹಳದಿಯಂತೂ ಕಾಣುವುದೇ ಇಲ್ಲ. ಅರ್ಜಿಗೆ ನಾಳೆಯೇ ಕಡೆಯ ದಿನ. ರಿಪೇರಿಯ ಅಂಗಡಿಗೆ ನಂಜನಗೂಡಿಗೋ ಮೈಸೂರಿಗೋ ಹೋಗಬೇಕು. ಮುದ್ರಣದ ತಲೆಯನ್ನೇ ಬದಲಿಸಬೇಕೆಂದು ಅಲ್ಲಿ ಹೇಳಿದರೆ, ಆ ಬೆಲೆಗೆ ಇನ್ನಷ್ಟು ಸೇರಿಸಿ ಹೊಸ ಯಂತ್ರವನ್ನೇ ಕೊಳ್ಳುವುದು ಲೇಸೆನಿಸುತ್ತದೆ.

ಇಂತಹ ಸಮಯದಲ್ಲಿ ಮನೆಯವರ ದೃಷ್ಟಿ ಅಡಿಗೆಮನೆಯ ಕಪಾಟಿನ ಕಡೆಗೆ ಹೊರಳುವುದು ಸ್ವಾಭಾವಿಕ. ಹಿತ್ತಾಳೆಯ ಕೊಡಕ್ಕೆ ಹುಣಿಸೆಹಣ್ಣು, ಬಟ್ಟೆಯ ಕಲೆಗೆ ನಿಂಬೆಹಣ್ಣು, ಜಿಡ್ಡಿಗೆ ಸೀಗೆಪುಡಿ, ತುಕ್ಕಿಗೆ ಸೀಮೆಎಣ್ಣೆ ಎಂದು ತಲೆತಲಾಂತರದ ಅನುಭವವಿರುವಾಗ, ಪ್ರಿಂಟರಿಗೂ ಒಂದು ಮನೆಮದ್ದು ಇರಲೇಬೇಕಲ್ಲವೆ? ಉಂಟು, ನಿಜ. ಆದರೆ ಮೇಲಿನ ಉದಾಹರಣೆಗಳನ್ನೇ ಸ್ವಲ್ಪ ಪರಿಶೀಲಿಸಿ. ಹುಣಿಸೆಯು ಹಿತ್ತಾಳೆಯನ್ನು ಬೆಳಗುವುದು ಅದರ ಆಮ್ಲವು ತಾಮ್ರದ ಆಕ್ಸೈಡನ್ನು ಕರಗಿಸುವುದರಿಂದ. ಸೀಗೆಯು ಜಿಡ್ಡನ್ನು ಬಿಡಿಸುವುದು ಅದರ ನೊರೆಯ ಅಂಶವು ಎಣ್ಣೆಯನ್ನೂ ನೀರನ್ನೂ ಹೊಂದಿಸುವುದರಿಂದ. ಎಂದರೆ ನಮ್ಮ ಹಿರಿಯರು ಕೊಳೆ ಯಾವುದೆಂದು ನೋಡಿ ಮದ್ದನ್ನು ಆರಿಸಿದರು. ಪ್ರಿಂಟರಿನ ಸಂಗತಿಯಲ್ಲಿಯೂ ನಾವು ಮೊದಲು ಕೇಳಬೇಕಾದ ಪ್ರಶ್ನೆ ಅದೇ: ಅಲ್ಲಿ ಕಟ್ಟಿಕೊಂಡಿರುವ ಕೊಳೆ ಎಂತಹದು? ಅದು ಎಲ್ಲಿ ಕಟ್ಟಿಕೊಂಡಿದೆ?

ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳೋಣ.

ನಲ್ಲಿಯಿಂದ ತೆಳ್ಳಗೆ ಬೀಳುವ ನೀರಿನ ಧಾರೆಯು ಸ್ವಲ್ಪ ಕೆಳಕ್ಕೆ ಬರುವಷ್ಟರಲ್ಲಿ ಹನಿಹನಿಯಾಗಿ ಒಡೆಯುವುದನ್ನು ಎಲ್ಲರೂ ಕಂಡಿದ್ದಾರೆ. ಮೇಲ್ಮೈ ಎಳೆತದಿಂದ ಹೀಗಾಗುತ್ತದೆಂಬುದನ್ನು ಇಂಗ್ಲೆಂಡಿನ ಲಾರ್ಡ್ ರ‍್ಯಾಲೆ 1878ರಲ್ಲಿ ಗಣಿತದಿಂದ ವಿವರಿಸಿದನು. ಅದಕ್ಕೂ ಮೊದಲೇ, 1867ರಲ್ಲಿ, ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಲಿಯಂ ಥಾಮ್ಸನ್ನನು ಕಡಲಡಿಯ ತಂತಿಸುದ್ದಿಗಳನ್ನು ದಾಖಲಿಸಲು ಮಸಿಯನ್ನು ವಿದ್ಯುತ್ತಿನ ಬಲದಿಂದ ಕಾಗದಕ್ಕೆ ಚಿಮ್ಮಿಸುವ ಉಪಕರಣವೊಂದಕ್ಕೆ ಪೇಟೆಂಟ್ ಪಡೆದಿದ್ದನು. ಬೇಕೆಂದಾಗ ಒಂದೇ ಹನಿಯನ್ನು, ಬೇಕಾದ ಸ್ಥಳಕ್ಕೆ ಮಾತ್ರ ಹಾರಿಸುವ ವಿದ್ಯೆ ಮಾತ್ರ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೈಗೂಡಿತು. ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ 1977ರಲ್ಲಿ ಕಾದ ಬೆಸುಗೆಕೋಲೊಂದು ಮಸಿ ತುಂಬಿದ ಪಿಚಕಾರಿಯ ಸೂಜಿಗೆ ತಗುಲಿ, ಸೂಜಿಯ ತುದಿಯಿಂದ ಮಸಿ ಚಿಮ್ಮಿದುದೇ ಒಂದು ಬಗೆಯ ಪ್ರಿಂಟರಿಗೆ ಮೂಲವಾಯಿತು. ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯವರೂ ಸ್ವತಂತ್ರವಾಗಿ ಇದೇ ತತ್ತ್ವವನ್ನು ಹಿಡಿದು 1984ರಲ್ಲಿ ತಮ್ಮ ಯಂತ್ರವನ್ನು ಮಾರುಕಟ್ಟೆಗೆ ತಂದರು. ಈ ಬಗೆಯಲ್ಲಿ ಪ್ರತಿಯೊಂದು ರಂಧ್ರದ ಹಿಂದೆಯೂ ಒಂದು ಪುಟ್ಟ ಕಾವಿನ ತಟ್ಟೆ ಇರುತ್ತದೆ. ಸೆಕೆಂಡಿನ ಕೆಲವು ದಶಲಕ್ಷಾಂಶಗಳಲ್ಲಿ ಅದು ಸುಮಾರು 300 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯುತ್ತದೆ. ಅದಕ್ಕೆ ತಗುಲಿದ ಮಸಿಯ ತೆಳುಪದರ ಆವಿಯ ಗುಳ್ಳೆಯಾಗುತ್ತದೆ. ಗುಳ್ಳೆಯು ಉಬ್ಬಿ ಮುಂದಿನ ಮಸಿಯನ್ನು ಹೊರಕ್ಕೆ ನೂಕುತ್ತದೆ. ಇನ್ನೊಂದು ಬಗೆಯಲ್ಲಿ ಕಾವಿಲ್ಲ. ಅಲ್ಲಿ ವಿದ್ಯುತ್ತು ತಗುಲಿದಾಗ ಆಕಾರ ಬದಲಿಸುವ ಪೀಜೋ ಪದಾರ್ಥದ ಹಲ್ಲೆಯೊಂದು ಮಸಿಯನ್ನು ಹಿಂಡುತ್ತದೆ. ಎಪ್ಸನ್ ಸಂಸ್ಥೆಯ ಯಂತ್ರಗಳು ಈ ಎರಡನೆಯ ಜಾತಿಯವು.

ಈ ವ್ಯತ್ಯಾಸವನ್ನು ನೆನಪಿನಲ್ಲಿಡಬೇಕು, ಏಕೆಂದರೆ ಶುಚಿಮಾಡುವವನಿಗೆ ಅದು ಮುಖ್ಯ. ಕಾವಿನ ಬಗೆಯ ಅನೇಕ ಯಂತ್ರಗಳಲ್ಲಿ ರಂಧ್ರಗಳ ತಟ್ಟೆಯು ಮಸಿಯ ಡಬ್ಬಿಗೇ, ಎಂದರೆ ಕಾರ್ಟ್ರಿಜ್ಜಿಗೇ, ಅಂಟಿಕೊಂಡಿರುತ್ತದೆ. ಡಬ್ಬಿಯನ್ನು ಕೈಗೆ ತೆಗೆದುಕೊಂಡು ಒರೆಸಬಹುದು. ಪೀಜೋ ಬಗೆಯಲ್ಲಿ ಮುದ್ರಣದ ತಲೆಯು ಯಂತ್ರದೊಳಗೇ ಸ್ಥಿರವಾಗಿರುತ್ತದೆ. ಬಾಟಲಿಯಿಂದ ಮಸಿ ತುಂಬುವ ತೊಟ್ಟಿಯ ಪ್ರಿಂಟರುಗಳಲ್ಲಿ ಬಹಳಷ್ಟು ಹೀಗೆಯೇ. ಅದನ್ನು ಇರುವಲ್ಲಿಯೇ ಶುಚಿಮಾಡಬೇಕು. ಕಾವಿನ ತಟ್ಟೆಗೆ ಇನ್ನೊಂದು ದೌರ್ಬಲ್ಯವುಂಟು. ಮಸಿಯಿಲ್ಲದೆ ಬರಿದೇ ಕಾದರೆ, ನೀರಿಲ್ಲದ ಪಾತ್ರೆಯನ್ನು ಒಲೆಯ ಮೇಲಿಟ್ಟಂತೆ, ಸುಟ್ಟುಹೋಗುತ್ತದೆ. ಸುಟ್ಟ ಮೇಲೆ ಅದನ್ನು ಸರಿಪಡಿಸುವ ದ್ರವ ಯಾವುದೂ ಇಲ್ಲ.

ಹಾರುವ ಹನಿ ಎಷ್ಟು ಸಣ್ಣದು? ಸಾಮಾನ್ಯವಾಗಿ ಕೆಲವೇ ಪಿಕೊಲೀಟರುಗಳು. ಒಂದು ಪಿಕೊಲೀಟರ್ ಎಂದರೆ ಲೀಟರಿನ ಒಂದು ಲಕ್ಷ ಕೋಟಿಯಲ್ಲಿ ಒಂದು ಪಾಲು. ಕಣ್ಣಿಗೆ ಔಷಧ ಹಾಕುವ ನಳಿಕೆಯಿಂದ ಬೀಳುವ ಹನಿಯು ಸುಮಾರು 0.05 ಮಿಲಿಲೀಟರ್ ಎಂದಿಟ್ಟುಕೊಂಡರೆ, ಅದರಿಂದ 5 ಪಿಕೊಲೀಟರಿನ ಹನಿಗಳು ಒಂದು ಕೋಟಿ ಆಗುತ್ತವೆ. ಲೆಕ್ಕವನ್ನು ಓದುಗರೇ ಮಾಡಿ ನೋಡಬಹುದು. ಅಂತಹ ಹನಿಯ ವ್ಯಾಸ ಸುಮಾರು 21 ಮೈಕ್ರೊಮೀಟರ್. ಅದು ಹೊರಬರುವ ರಂಧ್ರವೂ ಹೆಚ್ಚು ಕಡಮೆ ಅಷ್ಟೇ. ನಮ್ಮ ತಲೆಗೂದಲು ಅದಕ್ಕಿಂತ ಎರಡು ಮೂರು ಮಡಿ ದಪ್ಪ. ಹತ್ತಿಯ ಒಂದು ಎಳೆಯ ದಪ್ಪವಾದರೋ 12ರಿಂದ 20 ಮೈಕ್ರೊಮೀಟರ್, ಎಂದರೆ ರಂಧ್ರಕ್ಕೆ ಬಿರಡೆಯಾಗುವುದಕ್ಕೆ ಸರಿಯಾದ ಅಳತೆ! ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ರಂಧ್ರಗಳನ್ನು ಉಜ್ಜುವವರು ಇದನ್ನು ಗಮನಿಸಬೇಕು. ಸೂಜಿಯಿಂದ ಚುಚ್ಚುವ ಮಾತಂತೂ ಬೇಡ. ಹೊಲಿಗೆಯ ಸೂಜಿಯ ದಪ್ಪ ಅರ್ಧ ಮಿಲಿಮೀಟರಿಗೆ ಕಡಮೆಯಿಲ್ಲ. ಅದು ರಂಧ್ರದ ಇಪ್ಪತ್ತೈದು ಮಡಿ. ತೂಬಿನಲ್ಲಿ ಹೂಳು ತುಂಬಿತೆಂದು ತೂಬಿನ ಕಲ್ಲನ್ನೇ ಹಾರೆಯಿಂದ ಒಡೆಯುವ ರೈತನನ್ನು ಹುಲ್ಲಹಳ್ಳಿಯ ನಾಲೆಯ ಮೇಲೆ ಯಾರೂ ಕಂಡಿರಲಾರರು.

ಇನ್ನು ಕೊಳೆಯ ಸ್ವರೂಪ. ಇದನ್ನು ಅರಿಯಲು ನಮ್ಮ ನಾಡಿನ ಹಳೆಯ ಮಸಿಗಳೇ ಒಳ್ಳೆಯ ಪಾಠ ಹೇಳುತ್ತವೆ.

ಹಿಂದೆ ಎರಡು ಬಗೆಯ ಕಪ್ಪುಮಸಿಗಳು ಬಳಕೆಯಲ್ಲಿದ್ದವು. ಒಂದು ದೀಪದ ಕಾಡಿಗೆಯದು. ಕಾಡಿಗೆ ಎಂದರೆ ಇಂಗಾಲದ ಅತಿ ನುಣುಪಾದ ಪುಡಿ. ಅದು ನೀರಿನಲ್ಲಿ ಕರಗುವುದಿಲ್ಲ. ಅದಕ್ಕೆ ಗೋಂದನ್ನು ಸೇರಿಸಿ ಬಹುಹೊತ್ತು ಅರೆದರೆ, ಗೋಂದು ಪ್ರತಿಯೊಂದು ಕಣವನ್ನೂ ಹೊದೆದು, ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಇನ್ನೊಂದು ಅಳಲೆಕಾಯಿಯ ಮಸಿ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಹಾಕಿದರೆ ಕಾಯಿಯ ಟ್ಯಾನಿನ್ನೂ ಕಬ್ಬಿಣವೂ ಕೂಡಿ ಕಪ್ಪಾಗುತ್ತವೆ. ನಿಂಬೆಯ ರಸವು ಈ ಎರಡನೆಯ ಮಸಿಯ ಕಲೆಯನ್ನು ಬಟ್ಟೆಯಿಂದ ತೆಗೆಯಬಲ್ಲುದು, ಏಕೆಂದರೆ ಸಿಟ್ರಿಕ್ ಆಮ್ಲವು ಕಬ್ಬಿಣವನ್ನು ತನ್ನ ಕಡೆಗೆ ಸೆಳೆದುಕೊಳ್ಳುತ್ತದೆ. ಕಾಡಿಗೆಯ ಕಲೆಯ ಮೇಲೆ ಅದೇ ನಿಂಬೆಯನ್ನು ಎಷ್ಟು ಉಜ್ಜಿದರೂ ಫಲವಿಲ್ಲ; ಇಂಗಾಲಕ್ಕೆ ಸಿಟ್ರಿಕ್ ಆಮ್ಲದ ಗೊಡವೆಯೇ ಇಲ್ಲ. ಮೂರನೆಯ ಮಸಿಯೊಂದು ಮೈಸೂರಿನದೇ ಆಗಿ ಲೋಕವಿಖ್ಯಾತವಾಗಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯೇ ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಸಂಸ್ಥೆ. 1962ರ ಮೂರನೆಯ ಮಹಾಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುವ ಅಳಿಸಲಾಗದ ಮಸಿಯನ್ನು ಅದು ತಯಾರಿಸುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟು ಚರ್ಮದೊಡನೆ ವರ್ತಿಸಿ, ಬೆಳಕಿನಲ್ಲಿ ಕಪ್ಪುಬೆಳ್ಳಿಯಾಗಿ ನಿಲ್ಲುತ್ತದೆ. ಅದಕ್ಕೆ ನೀರೂ ಇಲ್ಲ, ಸಾಬೂನೂ ಇಲ್ಲ. ಚರ್ಮ ಸವೆಯಬೇಕು, ಉಗುರು ಬೆಳೆಯಬೇಕು. ಮೂರೂ ಮಸಿಯೇ, ಮೂರರ ರಸಾಯನ ಬೇರೆ ಬೇರೆ, ಆದುದರಿಂದ ಅವುಗಳನ್ನು ತೊಳೆಯುವ ಬಗೆಯೂ ಬೇರೆ ಬೇರೆ.

ಪ್ರಿಂಟರಿನ ಮಸಿಯಲ್ಲಿ ಹೆಚ್ಚಿನ ಪಾಲು ನೀರು. ಅದು ಬೇಗ ಆರದಿರಲೆಂದು ಗ್ಲಿಸರಿನ್ನಿನಂತಹ ನೀರುಹಿಡುಕ ದ್ರವಗಳನ್ನು ಸೇರಿಸಿರುತ್ತಾರೆ. ಬಣ್ಣ ಕೊಡುವ ವಸ್ತುವಿನಲ್ಲಿ ಎರಡು ಪಂಗಡ. ಕೆಲವು ಮಸಿಗಳಲ್ಲಿ ಬಣ್ಣವು ಸಕ್ಕರೆಯಂತೆ ನೀರಿನಲ್ಲಿ ಪೂರ್ತಿ ಕರಗಿರುತ್ತದೆ. ಇನ್ನು ಕೆಲವುಗಳಲ್ಲಿ, ಅದರಲ್ಲಿಯೂ ಅನೇಕ ಯಂತ್ರಗಳ ಕಪ್ಪುಮಸಿಯಲ್ಲಿ, ಅದು ಕರಗದ ವರ್ಣಕಣಗಳ ರೂಪದಲ್ಲಿ ತೇಲುತ್ತಿರುತ್ತದೆ. ಈ ಎರಡನೆಯದು ನಮ್ಮ ಕಾಡಿಗೆಯ ಮಸಿಯ ವಂಶದ್ದೇ. ಕಣಗಳ ಗಾತ್ರ ಮಾತ್ರ ಬಹಳ ಕಿರಿದು, ಮೈಕ್ರೊಮೀಟರಿನ ಹತ್ತನೆಯ ಒಂದು ಪಾಲಿನ ಆಸುಪಾಸು. ಬಿಡಿಬಿಡಿಯಾಗಿರುವಷ್ಟು ಕಾಲವೂ 20 ಮೈಕ್ರೊಮೀಟರಿನ ರಂಧ್ರದಲ್ಲಿ ಅವು ಸರಾಗವಾಗಿ ಹಾದುಹೋಗುತ್ತವೆ. ಅವುಗಳನ್ನು ಬಿಡಿಯಾಗಿ ಇಟ್ಟಿರುವುದು ಯಾವುದು? ಬಹಳಮಟ್ಟಿಗೆ ಋಣ ವಿದ್ಯುದಂಶ. ಕಣಗಳ ಹೊರಮೈಯಲ್ಲಿಯೋ ಅವನ್ನು ಹೊದೆದ ಪದಾರ್ಥದಲ್ಲಿಯೋ ಇರುವ ಕಾರ್ಬಾಕ್ಸಿಲ್ ಗುಂಪುಗಳು, ತುಸು ಕ್ಷಾರೀಯವಾದ ಮಸಿಯಲ್ಲಿ, ಋಣ ವಿದ್ಯುದಂಶವನ್ನು ಹೊತ್ತಿರುತ್ತವೆ. ಸಮಾನ ವಿದ್ಯುದಂಶಗಳು ವಿಕರ್ಷಿಸುವುದರಿಂದ ಕಣಗಳು ಒಂದರ ಹತ್ತಿರ ಒಂದು ಬರಲಾರವು.

ಇಲ್ಲಿಗೆ ಬಂದ ಮೇಲೆ ವಿನಿಗರ್, ನಿಂಬೆರಸ, ಹುಣಿಸೆನೀರುಗಳ ತೀರ್ಮಾನವು ಸುಲಭವಾಯಿತು. ಆಮ್ಲ ಬಿದ್ದೊಡನೆ ಆ ಗುಂಪುಗಳು ಹೈಡ್ರೊಜನ್ನನ್ನು ಹಿಡಿದುಕೊಂಡು ವಿದ್ಯುದಂಶವನ್ನು ಕಳೆದುಕೊಳ್ಳುತ್ತವೆ; ಕಣಗಳು ಗುಂಪುಗೂಡಿ ಗರಣೆಗಟ್ಟುತ್ತವೆ. ಹಾಲಿಗೆ ನಿಂಬೆಹಣ್ಣು ಹಿಂಡಿದಾಗ ಆಗುವುದೂ ಇದೇ ಜಾತಿಯ ವ್ಯಾಪಾರ. ಹಾಲಿನ ಕೇಸೀನ್ ಕಣಗಳನ್ನು ಬೇರೆಬೇರೆಯಾಗಿ ಇಟ್ಟಿರುವುದರಲ್ಲಿ ವಿದ್ಯುದಂಶದ ಪಾತ್ರ ದೊಡ್ಡದು. ಹುಳಿ ಬಿದ್ದರೆ ಹಾಲು ಒಡೆಯುತ್ತದೆ. ವರ್ಣಕಣದ ಮಸಿಯಿರುವ ಯಂತ್ರಕ್ಕೆ ವಿನಿಗರ್ ಹಾಕುವವನು ಕೂದಲಿಗಿಂತ ಸಪೂರವಾದ ಕೊಳವೆಯೊಳಗೆ ಹಾಲನ್ನು ಒಡೆಯುತ್ತಿದ್ದಾನೆ. ಹಾಗಾದರೆ ವಿನಿಗರಿನಿಂದ ಪ್ರಿಂಟರ್ ಸರಿಹೋಯಿತೆಂದು ಕೆಲವರು ಹೇಳುವುದು ಸುಳ್ಳೇ? ಹಾಗೇನೂ ಅಲ್ಲ. ವಿನಿಗರಿನಲ್ಲಿ ಬಹುಪಾಲು ನೀರೇ ಇದೆ. ಕರಗುವ ಬಣ್ಣದ ಮಸಿಯಾಗಿದ್ದರೆ ಆ ನೀರು ತನ್ನ ಕೆಲಸ ಮಾಡಿತು, ಕೀರ್ತಿ ವಿನಿಗರಿಗೆ ಬಂತು.

ಹಾಗಾದರೆ ಬರಿಯ ನೀರೇ ಸಾಕಲ್ಲವೆ ಎಂದು ಚುರುಕಾದ ಓದುಗನು ಕೇಳುವನು. ಸಾಕು, ಆದರೆ ಯಾವ ನೀರು?

ಈ ಪ್ರಶ್ನೆಯೇ ನಮ್ಮ ಕಡೆಯವರಿಗೆ ಎಲ್ಲಕ್ಕಿಂತ ಮುಖ್ಯವಾದುದು. ಬಂಡೆಗಳ ಸಂದಿನಲ್ಲಿ ಬಹುಕಾಲ ನಿಂತು ಬರುವ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು. ಸಾಬೂನು ಅದರಲ್ಲಿ ನೊರೆ ಬಿಡದೆ ಬಿಳಿಯ ಗಷ್ಟವಾಗುವುದನ್ನೂ, ಹಂಡೆಯ ಒಳಮೈಗೆ ಸುಣ್ಣದ ಪೊರೆ ಕಟ್ಟುವುದನ್ನೂ ಹಳ್ಳಿಯ ವಿದ್ಯಾರ್ಥಿಗೆ ಹೇಳಿಕೊಡಬೇಕಾಗಿಲ್ಲ. ಈ ಗಡಸುತನಕ್ಕೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಅಯಾನುಗಳು ಕಾರಣ. ಅವುಗಳ ಮೇಲೆ ಎರಡೆರಡು ಧನ ವಿದ್ಯುದಂಶಗಳಿವೆ. ಸಾಬೂನಿನ ಅಣುವಿನ ಕಾರ್ಬಾಕ್ಸಿಲ್ ತುದಿಯನ್ನು ಹಿಡಿದು ಗಷ್ಟ ಮಾಡುವ ಅದೇ ಕ್ಯಾಲ್ಸಿಯಂ, ವರ್ಣಕಣಗಳ ಕಾರ್ಬಾಕ್ಸಿಲ್ ಗುಂಪುಗಳನ್ನೂ ಹಿಡಿಯುತ್ತದೆ. ಒಂದೊಂದು ಅಯಾನು ಎರಡು ಕಣಗಳಿಗೆ ಸೇತುವೆಯಾಗಿ ಅವನ್ನು ಬೆಸೆಯುತ್ತದೆ. ಇದು ಕೇವಲ ಊಹೆಯಲ್ಲ. ಮುದ್ರಣದ ಕಾಗದವನ್ನು ತಯಾರಿಸುವವರು ಇದೇ ಗುಣವನ್ನು ಬೇಕೆಂದೇ ಉಪಯೋಗಿಸಿಕೊಳ್ಳುತ್ತಾರೆ. ಅಂಗಡಿಯಲ್ಲಿ ಕೆಲವು ಕಾಗದದ ಕಟ್ಟುಗಳ ಮೇಲೆ ‘ಕಲರ್‌ಲಾಕ್’ ಎಂಬ ಗುರುತನ್ನು ಓದುಗರು ನೋಡಿರಬಹುದು; ಅಂತಹ ಕಾಗದಕ್ಕೆ ಕ್ಯಾಲ್ಸಿಯಂ ಲವಣದಂತಹದನ್ನು ಲೇಪಿಸಿರುತ್ತಾರೆ. ಮಸಿಯ ಹನಿ ಬಿದ್ದ ಕೂಡಲೆ ವರ್ಣಕಣಗಳು ಕಾಗದದ ಮೇಲ್ಮೈಯಲ್ಲಿಯೇ ಗಟ್ಟಿಯಾಗಿ ನಿಂತುಬಿಡಲೆಂಬುದು ಅದರ ಉದ್ದೇಶ. ಕಾಗದದ ಮೇಲೆ ಯಾವುದು ಗುಣವೋ, ರಂಧ್ರದೊಳಗೆ ಅದೇ ದೋಷ. ಕೊಳವೆಬಾವಿಯ ನೀರಿನಿಂದ ಪ್ರಿಂಟರಿನ ತಲೆಯನ್ನು ತೊಳೆಯುವುದೆಂದರೆ ಮಸಿಯನ್ನು ಅಲ್ಲಿಯೇ ಬೀಗ ಹಾಕಿ ಕೂರಿಸುವುದು. ಇದರ ಮೇಲೆ, ನೀರು ಆರಿದಾಗ ಉಳಿಯುವ ಸುಣ್ಣದ ಹರಳುಗಳು ಬೇರೆ.

ಕಾಯಿಸಿ ಆರಿಸಿದ ನೀರಾದರೆ ಆಗದೆ? ರಸಾಯನದ ಪಾಠವನ್ನು ಜ್ಞಾಪಿಸಿಕೊಳ್ಳಿ. ಕುದಿಸಿದರೆ ಹೋಗುವುದು ತಾತ್ಕಾಲಿಕ ಗಡಸುತನ ಮಾತ್ರ. ಸಲ್ಫೇಟು ಕ್ಲೋರೈಡುಗಳ ಶಾಶ್ವತ ಗಡಸುತನ ಹಾಗೆಯೇ ನಿಲ್ಲುತ್ತದೆ. ಶೋಧಕಯಂತ್ರದ ಕುಡಿಯುವ ನೀರಿನಲ್ಲಿ ಲವಣ ಕಡಮೆ, ಆದರೆ ಇಲ್ಲವೆನ್ನುವಂತಿಲ್ಲ. ಬೇಕಾದುದು ಭಟ್ಟಿಯಿಳಿಸಿದ ನೀರು. ಅದು ಅಪರೂಪದ ವಸ್ತುವೇನಲ್ಲ. ವಿದ್ಯುತ್ತು ಹೋದಾಗ ದೀಪ ಉರಿಸುವ ಇನ್‌ವರ್ಟರಿನ ಬ್ಯಾಟರಿಗೆ ಹಾಕಲು ಡಿಸ್ಟಿಲ್ಡ್ ವಾಟರ್ ಎಂದು ಅಂಗಡಿಯವರು ಮಾರುವುದು ಅದನ್ನೇ. ಎಷ್ಟೋ ಮನೆಗಳಲ್ಲಿ ಒಂದು ಕ್ಯಾನು ಈಗಾಗಲೇ ಇರುತ್ತದೆ. ಅದೇ ಅಂಗಡಿಯಲ್ಲಿ ಬ್ಯಾಟರಿಯ ಆಮ್ಲವೂ ದೊರೆಯುವುದರಿಂದ, ಮೊಹರು ಮಾಡಿದ, ಹೆಸರು ಬರೆದ ಡಬ್ಬಿಯನ್ನೇ ತರಬೇಕು. ಅಂಗಡಿ ದೂರವಾದರೆ ಮನೆಯಲ್ಲಿಯೇ ತಯಾರಿಸಬಹುದು, ಅದೊಂದು ಸೊಗಸಾದ ಪ್ರಯೋಗವೂ ಆದೀತು. ಅಗಲವಾದ ಪಾತ್ರೆಯಲ್ಲಿ ಎರಡು ಬೆರಳು ನೀರು ಹಾಕಿ, ಅದರ ನಡುವೆ ಒಂದು ಕಲ್ಲಿನ ಮೇಲೆ ಶುಭ್ರವಾದ ಸ್ಟೀಲಿನ ಬಟ್ಟಲನ್ನಿಡಿ. ನಡು ತಗ್ಗಾಗಿರುವ ಮುಚ್ಚಳವನ್ನು ಮಗುಚಿ ಹಾಕಿ, ಅದರ ಮೇಲೆ ತಣ್ಣೀರು ನಿಲ್ಲಿಸಿ, ಸಣ್ಣ ಉರಿಯಲ್ಲಿ ಕಾಯಿಸಿ. ಆವಿಯು ಮುಚ್ಚಳಕ್ಕೆ ತಾಗಿ ತಣಿದು, ತಗ್ಗಿನಿಂದ ತೊಟ್ಟಿಕ್ಕಿ ಬಟ್ಟಲಿಗೆ ಬೀಳುತ್ತದೆ. ನಮ್ಮ ಕೆಲಸಕ್ಕೆ ಐದಾರು ಚಮಚ ಧಾರಾಳ.

ಈ ನೀರನ್ನೂ ಕೊಳವೆಬಾವಿಯ ನೀರನ್ನೂ ಎರಡು ಗಾಜಿನ ಲೋಟಗಳಲ್ಲಿ ಹಾಕಿ, ಮೂರನೆಯದರಲ್ಲಿ ಭಟ್ಟಿಯ ನೀರಿಗೆ ನಾಲ್ಕು ತೊಟ್ಟು ನಿಂಬೆರಸ ಬೆರೆಸಿ, ಮೂರಕ್ಕೂ ಪ್ರಿಂಟರಿನ ಕಪ್ಪುಮಸಿಯನ್ನು ಒಂದೊಂದು ತೊಟ್ಟು ಬಿಟ್ಟು ರಾತ್ರಿಯೆಲ್ಲ ಅಲುಗಿಸದೆ ಇಡಿ. ಮಸಿ ವರ್ಣಕಣದ್ದಾಗಿದ್ದರೆ ಹುಳಿಯ ಲೋಟದ ತಳದಲ್ಲಿ ಕಪ್ಪುಗಷ್ಟ ಕೂಡುವ ಸಂಭವ ಹೆಚ್ಚು. ನೀರು ಬಹಳ ಗಡಸಾಗಿದ್ದರೆ ಎರಡನೆಯ ಲೋಟದಲ್ಲಿಯೂ ಕೂಡೀತು. ಮೂರೂ ಒಂದೇ ಸಮನಾಗಿ ತಿಳಿಯಾಗಿದ್ದರೆ ನಿಮ್ಮದು ಬಹುಶಃ ಕರಗುವ ಬಣ್ಣದ ಮಸಿ.

ಉಳಿದ ದ್ರವಗಳನ್ನು ಬೇಗ ಬೇಗ ನೋಡಿಬಿಡೋಣ. ಸೀಮೆಎಣ್ಣೆಯು ನೀರಿನೊಡನೆ ಬೆರೆಯುವುದಿಲ್ಲ. ಆದ್ದರಿಂದ ನೀರಿನ ಮಸಿಯನ್ನು ಅದು ಕರಗಿಸದು, ಬದಲಾಗಿ ಎಣ್ಣೆಯ ಪೊರೆಯನ್ನು ಬಿಟ್ಟುಹೋಗುತ್ತದೆ. ಉಗುರಿನ ಬಣ್ಣ ತೆಗೆಯುವ ದ್ರವದಲ್ಲಿ ಸಾಮಾನ್ಯವಾಗಿ ಅಸಿಟೋನ್ ಇರುತ್ತದೆ. ಅದು ಮಸಿಗಿಂತ ಮೊದಲು ಯಂತ್ರದ ಪ್ಲಾಸ್ಟಿಕ್ಕನ್ನೂ ಅಂಟನ್ನೂ ಕರಗಿಸುತ್ತದೆ. ಬಟ್ಟೆ ಬಿಳುಪು ಮಾಡುವ ಬ್ಲೀಚು ಲೋಹವನ್ನು ತಿನ್ನುತ್ತದೆ. ಅದನ್ನು ಅಮೋನಿಯದೊಡನಾಗಲಿ ಆಮ್ಲದೊಡನಾಗಲಿ ಬೆರೆಸಿದರೆ ಪ್ರಾಣಾಪಾಯದ ಅನಿಲ ಹೊರಡುತ್ತದೆ, ಆದುದರಿಂದ ಈ ಕೆಲಸದಲ್ಲಿ ಅದರ ಹೆಸರೆತ್ತುವುದೂ ಬೇಡ. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ಮದ್ಯಸಾರವಿದ್ದರೂ ಅದನ್ನು ಲೋಳೆಯಾಗಿಸಿದ ಪದಾರ್ಥವು ಆರಿ ಹಿಂದುಳಿಯುತ್ತದೆ. ಗಾಜು ಒರೆಸುವ ದ್ರವಗಳಲ್ಲಿ ಕೆಲವಕ್ಕೆ ಅಮೋನಿಯ ಉಂಟು, ಕೆಲವಕ್ಕಿಲ್ಲ. ಕ್ಷಾರಗುಣದ ಅಮೋನಿಯವು ಒಣಮಸಿಯನ್ನು ಬಿಡಿಸಲು ನೆರವಾಗುವುದು ದಿಟವಾದರೂ, ಜೊತೆಗಿರುವ ಸುಗಂಧ ಬಣ್ಣ ನೊರೆಗಳ ಮಾತನ್ನು ಯಾರು ಬಲ್ಲರು? ಐಸೊಪ್ರೊಪೈಲ್ ಆಲ್ಕೊಹಾಲ್ ಮಾತ್ರ ವಿಚಾರಮಾಡತಕ್ಕ ದ್ರವ. ಅದು ನೀರಿನೊಡನೆ ಬೆರೆಯುತ್ತದೆ, ಬೇಗ ಆರುತ್ತದೆ, ಏನನ್ನೂ ಉಳಿಸುವುದಿಲ್ಲ. ಆದರೆ ಗೋಂದಿನ ನೀರಿಗೆ ಮದ್ಯಸಾರವನ್ನು ಹೆಚ್ಚಾಗಿ ಸುರಿದರೆ ಗೋಂದು ಬೆಳ್ಳಗೆ ಬೇರ್ಪಡುವಂತೆ, ವರ್ಣಕಣಗಳ ಹೊದಿಕೆಯೂ ಅದರಿಂದ ಕೆಡಬಹುದು. ಆದುದರಿಂದ ನೀರು ಸೋತ ಮೇಲೆಯೇ ಅದರ ಸರದಿ. ಆಗಲೂ ಭಟ್ಟಿಯ ನೀರಿನಲ್ಲಿ ತೆಳುಮಾಡಿ, ಬೆಂಕಿಯಿಂದ ದೂರ ಕುಳಿತು ಉಪಯೋಗಿಸಬೇಕು.

ಈಗ ಕೆಲಸ. ಮೊದಲು ಯಂತ್ರದೊಳಗೇ ಇರುವ ಶುಚೀಕರಣದ ಕ್ರಮವನ್ನು ಎರಡು ಮೂರು ಸಲ ನಡೆಸಿ ನೋಡುವುದು ಯುಕ್ತ; ಅದಕ್ಕೂ ಮಿಗಿಲಾಗಿ ಬೇಡ, ಏಕೆಂದರೆ ಪ್ರತಿಸಲವೂ ಅದು ಒಳ್ಳೆಯ ಮಸಿಯನ್ನು ಹೀರಿ ಚೆಲ್ಲುತ್ತದೆ. ಡಬ್ಬಿಗೇ ರಂಧ್ರಗಳಿರುವ ಬಗೆಯಾದರೆ, ಡಬ್ಬಿಯನ್ನು ಹೊರತೆಗೆದು, ಕೈಗೆ ಹಿತವಾಗುವಷ್ಟು ಬೆಚ್ಚಗಿನ ಭಟ್ಟಿಯ ನೀರಿನಲ್ಲಿ ನೆನೆಸಿ ಹಿಂಡಿದ ಬಟ್ಟೆಯ ಮೇಲೆ ರಂಧ್ರಗಳ ಮುಖವನ್ನು ಎರಡು ಮೂರು ನಿಮಿಷ ಒತ್ತಿ ಹಿಡಿಯಬೇಕು. ನೀರು ರಂಧ್ರದ ಬಾಯಿಯ ಗಟ್ಟಿಯನ್ನು ಮೆದುಮಾಡುತ್ತದೆ. ಬಟ್ಟೆಯು ಒಳಗಿನ ಮಸಿಯನ್ನು ಹೀರಿ ಎಳೆಯುತ್ತದೆ. ಬಟ್ಟೆಯ ಮೇಲೆ ಬಣ್ಣದ ಪಟ್ಟೆಗಳು ಒಡೆಯದೆ ಮೂಡಿದವೆಂದರೆ ದಾರಿ ಬಿಟ್ಟಿತೆಂದು ತಿಳಿಯಬಹುದು. ಬಟ್ಟೆ ಎಳೆ ಬಿಡದಂತಹದಾಗಿರಬೇಕು. ಕನ್ನಡಕ ಒರೆಸುವ ಬಟ್ಟೆ ಉತ್ತಮ. ಅನೇಕ ಒಗೆತ ಕಂಡ ಹಳೆಯ ಪಂಚೆಯ ತುಂಡು ಅದಕ್ಕೆ ಎರಡನೆಯದು. ಡಬ್ಬಿಯ ಹಿಂಬದಿಯ ತಾಮ್ರದ ಬಣ್ಣದ ಚುಕ್ಕೆಗಳು ವಿದ್ಯುತ್ತಿನ ಸಂಪರ್ಕಗಳಾದುದರಿಂದ ಅವು ಪೂರ್ತಿ ಒಣಗಿದ ಮೇಲೆಯೇ ಡಬ್ಬಿಯನ್ನು ಮರಳಿ ಕೂರಿಸಬೇಕು.

ತಲೆಯು ಸ್ಥಿರವಾಗಿರುವ ಯಂತ್ರದಲ್ಲಿ ಕೆಲಸ ಸ್ವಲ್ಪ ನಾಜೂಕಿನದು. ಅಲ್ಲಿ ತಲೆಯು ವಿಶ್ರಮಿಸುವ ಸ್ಥಳದಲ್ಲಿ ರಬ್ಬರಿನ ಅಂಚುಳ್ಳ ಪುಟ್ಟ ಬಟ್ಟಲೊಂದಿದೆ. ನಾವು ಮೊದಲು ಹೇಳಿದ ಪೆನ್ನಿನ ಮುಚ್ಚಳದ ಕೆಲಸವನ್ನು ಮಾಡುವುದು ಇದೇ. ಬಟ್ಟಲಿನ ಅಂಚಿನಲ್ಲಿ ಒಣಮಸಿ ಕಟ್ಟಿದರೆ ಮುಚ್ಚಳ ಸರಿಯಾಗಿ ಕೂರದು. ಕೂರದಿದ್ದರೆ ಗಾಳಿ ಆಡಿ ಮತ್ತಷ್ಟು ಮಸಿ ಒಣಗುತ್ತದೆ. ತಲೆಯನ್ನು ಪಕ್ಕಕ್ಕೆ ಸರಿಸಿ, ತಂತಿಯನ್ನು ಗೋಡೆಯಿಂದ ಕಿತ್ತು, ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟಲಿಗೆ ಭಟ್ಟಿಯ ನೀರನ್ನು ಸೂಜಿಯಿಲ್ಲದ ಪಿಚಕಾರಿಯಿಂದ ಕೆಲವು ತೊಟ್ಟು ತುಂಬಿ, ತಲೆಯನ್ನು ಮೆಲ್ಲಗೆ ಅದರ ಮೇಲೆ ತಂದು ರಾತ್ರಿಯೆಲ್ಲ ಬಿಡಬೇಕು. ಅವಸರ ಕೂಡದು. ತಿಂಗಳೆರಡು ಒಣಗಿದ ಮಸಿ ಎರಡು ನಿಮಿಷದಲ್ಲಿ ನೆನೆಯಲಾರದು.

ಕಾಗದ ಎಳೆಯುವ ರಬ್ಬರಿನ ಉರುಳೆಗಳ ಕೊಳೆ ಬೇರೆಯ ಜಾತಿಯದು. ಕಾಗದದ ನಾರಿನ ಧೂಳೂ ಅದಕ್ಕೆ ತುಂಬಿದ ಸುಣ್ಣದ ಪುಡಿಯೂ ಅಂಟಿಕೊಂಡು ಉರುಳೆ ಜಾರುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಕಿರುಗುಟ್ಟುತ್ತದೆಂದು ತಲೆ ಓಡುವ ಕಂಬಿಗೆ ಕೊಬ್ಬರಿಎಣ್ಣೆ ಬಿಡುವ ಪದ್ಧತಿಯನ್ನು ಮಾತ್ರ ಬಿಡಬೇಕು. ಆ ಎಣ್ಣೆ ಧೂಳನ್ನು ಕರೆಯುತ್ತದೆ. ಕಂಬಿಯ ಬಳಿಯಿರುವ ಪಾರದರ್ಶಕ ಪಟ್ಟಿಗೆ ಹರಡಿದರಂತೂ ಕಷ್ಟ. ಆ ಪಟ್ಟಿಯಲ್ಲಿರುವ ಅತಿ ಸೂಕ್ಷ್ಮ ಗೆರೆಗಳನ್ನು ಎಣಿಸಿಯೇ ತಲೆಯು ತಾನೆಲ್ಲಿದ್ದೇನೆಂದು ಅರಿಯುತ್ತದೆ. ಗೆರೆ ಮರೆಯಾದರೆ ಅದು ದಾರಿ ತಪ್ಪಿ ಗೋಡೆಗೆ ಬಡಿದುಕೊಳ್ಳುತ್ತದೆ. ರಜೆಯ ಕಾಲದಲ್ಲಿ ಯಂತ್ರದೊಳಗೆ ಬೆಚ್ಚಗೆ ಮನೆಮಾಡುವ ಹಲ್ಲಿಗಳೂ ಈ ಪಟ್ಟಿಯ ಶತ್ರುಗಳೇ. ಹಳೆಯ ಬೆಡ್‌ಶೀಟನ್ನು ಹೊದಿಸಿಡುವುದು ಅದಕ್ಕೆ ಅಗ್ಗದ ಉಪಾಯ.

ಇನ್ನೊಂದು ಸಂಗತಿ ನಮ್ಮ ಹಳ್ಳಿಗಳ ವಿದ್ಯುತ್ತಿಗೆ ಸೇರಿದ್ದು. ಮುದ್ರಣ ನಡೆಯುತ್ತಿರುವಾಗ ವಿದ್ಯುತ್ತು ಹೋದರೆ, ಅಥವಾ ಕೆಲಸ ಮುಗಿಯುತ್ತಲೇ ಮಿತವ್ಯಯದ ಅಭ್ಯಾಸದಿಂದ ಯಾರಾದರೂ ಗೋಡೆಯ ಸ್ವಿಚ್ಚನ್ನು ಆರಿಸಿದರೆ, ತಲೆಯು ತನ್ನ ಬಟ್ಟಲನ್ನು ಸೇರದೆ ನಡುದಾರಿಯಲ್ಲಿಯೇ ನಿಂತುಬಿಡಬಹುದು. ಮುಚ್ಚಳ ಹಾಕದ ಪೆನ್ನಿನ ಗತಿಯೇ ಅದಕ್ಕೂ ಬರುತ್ತದೆ. ಮೊದಲು ಯಂತ್ರದ ಮೇಲಿನ ಗುಂಡಿಯನ್ನು ಒತ್ತಿ, ಅದರ ಸದ್ದು ಅಡಗಿ ದೀಪ ಆರುವವರೆಗೆ ಕಾದು, ಆಮೇಲೆ ಗೋಡೆಯ ಸ್ವಿಚ್ಚಿಗೆ ಕೈ ಹಾಕಬೇಕು. ವಿದ್ಯುತ್ತು ನಡುವೆಯೇ ಹೋಗಿದ್ದರೆ, ಬಂದ ಕೂಡಲೆ ಒಮ್ಮೆ ಯಂತ್ರವನ್ನು ಹಚ್ಚಿ, ತಲೆಯು ಮನೆ ಸೇರಿದ ಮೇಲೆ ಆರಿಸಬೇಕು. ಬೇಸಗೆಯ ರಜೆಯಲ್ಲಿ ವಾರಕ್ಕೊಂದು ಪುಟವನ್ನು, ನಾಲ್ಕೂ ಬಣ್ಣಗಳು ಬರುವಂತೆ ಮುದ್ರಿಸಿದರೆ ರಂಧ್ರದ ಬಾಯಿಯಲ್ಲಿ ಸದಾ ಹೊಸ ಮಸಿ ಇರುತ್ತದೆ. ಆ ಒಂದು ಪುಟಕ್ಕೆ ತಗಲುವ ಮಸಿ ಒಂದು ಸಲದ ಶುಚೀಕರಣಕ್ಕೆ ಹೋಗುವ ಮಸಿಗಿಂತ ಕಡಮೆ.

ಶುಚೀಕರಣದಲ್ಲಿ ಹೀರಿದ ಮಸಿ ಎಲ್ಲಿಗೆ ಹೋಗುತ್ತದೆಂಬ ಕುತೂಹಲ ಓದುಗರಿಗೆ ಇರಬಹುದು. ಯಂತ್ರದ ತಳದಲ್ಲಿ ಉಣ್ಣೆಯ ಹಾಸಿನಂತಹ ದಪ್ಪ ಮೆತ್ತೆಯೊಂದಿದ್ದು ಅದೆಲ್ಲವನ್ನೂ ಕುಡಿದುಕೊಳ್ಳುತ್ತದೆ. ಎಷ್ಟು ಮಸಿ ಹೋಯಿತೆಂದು ಯಂತ್ರವು ಒಳಗೊಳಗೇ ಲೆಕ್ಕವಿಟ್ಟಿರುತ್ತದೆ; ಮೆತ್ತೆ ತುಂಬಿತೆಂದು ಲೆಕ್ಕ ಹೇಳಿದ ದಿನ, ರಂಧ್ರಗಳೆಲ್ಲ ಚೊಕ್ಕಟವಾಗಿದ್ದರೂ ಅನೇಕ ಯಂತ್ರಗಳು ಮುದ್ರಣವನ್ನು ನಿಲ್ಲಿಸುತ್ತವೆ. ಕೆಲವು ಮಾದರಿಗಳಲ್ಲಿ ಮೆತ್ತೆಯ ಪೆಟ್ಟಿಗೆಯನ್ನು ಮನೆಯಲ್ಲಿಯೇ ಬದಲಿಸಬಹುದು. ಉಳಿದವುಗಳಲ್ಲಿ ತಳವನ್ನು ಬಿಚ್ಚಿಸಿ ಹೊಸ ಮೆತ್ತೆ ಹಾಕಿಸಬೇಕು.